ಘನವೀರನಿಗೆ ತೂಕ ಎಲ್ಲಿಂದ ಬಂತು

ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಆ ಟೀಚರಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಹಾಜರಿ ಪುಸ್ತಕ ಬಿಟ್ಟರೆ ಅದು ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಮಕ್ಕಳಿಗೆ, ಮಕ್ಕಳ ತಾಯಂದಿರಿಗೆ, ಕೊನೆಗೆ ಮುಖ್ಯೋಪಾಧ್ಯಾಯಿನಿಗೂ ಅವರು ಸಾಂದ್ರತೆ ಟೀಚರು. ಬೆಳಕು, ಶಬ್ದ, ವಿದ್ಯುತ್ತು ಮೊದಲಾದ ಪಾಠಗಳನ್ನು ಅವರು ಅಚ್ಚುಕಟ್ಟಾಗಿ, ವೇಳೆಗೆ ಸರಿಯಾಗಿ, ಬಡಿಸಿ ಎತ್ತಿಟ್ಟ ಹಾಗೆ ಮುಗಿಸುತ್ತಿದ್ದರು. ಸಾಂದ್ರತೆಯ ಪಾಠ ಬಂದಾಗ ಮಾತ್ರ ಮುಖದ ಕಳೆಯೇ ಬೇರೆ. ನೀರು ತುಂಬಿದ ಟಬ್ಬು, ಕಬ್ಬಿಣದ ಗಟ್ಟಿ, ಅಷ್ಟೇ ಗಾತ್ರದ ಮರದ ತುಂಡು, ಮೇಣದ ಉಂಡೆ ಎಲ್ಲವೂ ತರಗತಿಗೆ ಬರುತ್ತಿದ್ದವು. ಗಾತ್ರ ಒಂದೇ, ತೂಕ ಬೇರೆ, ಯಾಕೆ ಎಂದು ಕೇಳಿ, ಉತ್ತರ ಗೊತ್ತಿಲ್ಲದವರ ಹಾಗೆ ತಾವೇ ಬೆರಗಾಗಿ ನಿಂತುಬಿಡುತ್ತಿದ್ದರು. ಮುಂದಿನ ಬೆಂಚಿನವರ ಲಂಗ ಒದ್ದೆಯಾಗುತ್ತಿತ್ತು. ಹಿಂದಿನ ಬೆಂಚಿನವರು ಆಕಳಿಸುತ್ತಿದ್ದರು.

ತಪ್ಪು ಕಿವಿಗೆ ಬಿದ್ದರೆ ಸುಮ್ಮನಿರುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಹತ್ತಿಗಿಂತ ಕಬ್ಬಿಣ ಭಾರ ಎಂದು ಯಾರಾದರೂ ಅಂದರೆ ಎಷ್ಟು ಹತ್ತಿ, ಎಷ್ಟು ಕಬ್ಬಿಣ ಎಂದು ನಿಲ್ಲಿಸಿ ಕೇಳುವರು. ಪಕ್ಕದ ಮನೆಯಾಕೆ ಒಮ್ಮೆ ಗಂಡನ ಜೊತೆ ಜಗಳವಾಡಿಕೊಂಡು ಬಂದು, ಮನಸ್ಸು ಭಾರವಾಗಿದೆ ಎಂದು ಅತ್ತಾಗ ಟೀಚರು ಏನೂ ಹೇಳಲಿಲ್ಲ ನಿಜ. ಆದರೆ ಅವರ ತುಟಿ ಅಲುಗಿದ್ದನ್ನು ಯಜಮಾನರು ನೋಡಿದ್ದರು.

ಯಜಮಾನರು ಟೈಲರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೆಳಗಿನಿಂದ ಸಂಜೆಯ ತನಕ ಬಾಯಲ್ಲಿ ಗುಂಡುಪಿನ್ನು ಇರುತ್ತಿದ್ದುದರಿಂದ ಅವರು ಮಾತಾಡುವುದು ಕಡಿಮೆ. ಟೀಚರ ಜೊತೆ ಸಂಸಾರ ಸುಸೂತ್ರವಾಗಿ ನಡೆದದ್ದಕ್ಕೆ ಈ ಪಿನ್ನುಗಳ ಕೊಡುಗೆ ದೊಡ್ಡದು ಎಂದು ಬಂಧುಗಳು ಆಡಿಕೊಳ್ಳುತ್ತಿದ್ದರು.

ಈ ಟೈಲರ ತಮ್ಮ, ಅಂದರೆ ಟೀಚರ ಮೈದುನ, ಒಂದು ಪ್ರೆಸ್ ಇಟ್ಟಿದ್ದ. ಮದುವೆ ಕರೆಯೋಲೆ, ರಸೀದಿ ಪುಸ್ತಕ, ಸೋಪಿನ ಹೊದಿಕೆ ಎಲ್ಲ ಅಚ್ಚು ಹಾಕುತ್ತಿದ್ದ. ಅವನ ಹೆಮ್ಮೆಯೆಲ್ಲ ಮಾತ್ರ ತಿಂಗಳಿಗೊಮ್ಮೆ ಹೊರಡುವ ಮಕ್ಕಳ ಚಿತ್ರಕಥೆಯ ಮೇಲೆ. ಅದರ ನಾಯಕ ಘನವೀರ. ಎದೆಯ ಬಲಗಡೆ ಒತ್ತಿಕೊಂಡರೆ ಅವನ ಮೈ ಕಬ್ಬಿಣಕ್ಕಿಂತ ಗಟ್ಟಿ, ಎದುರು ಬಂದ ರೈಲು ಮೂತಿ ಜಜ್ಜಿಕೊಂಡು ನಿಲ್ಲುತ್ತಿತ್ತು. ಎಡಗಡೆ ಒತ್ತಿಕೊಂಡರೆ ಹೊಗೆಗಿಂತ ತೆಳು, ಗೋಡೆಯೊಳಗಿಂದ ನಡೆದು ಕಳ್ಳರ ಮುಂದೆ ನಿಲ್ಲುತ್ತಿದ್ದ. ಕಥೆಯ ಕೊನೆಗೆ ನಗರದ ಅಧ್ಯಕ್ಷರು ಹಾರ ಹಾಕುತ್ತಿದ್ದರು. ಇಷ್ಟೇ ಕಥೆ, ವರ್ಷಾನುಗಟ್ಟಲೆ.

ಆ ವರ್ಷ ಶಾಲಾ ಗ್ರಂಥಾಲಯಗಳಿಗೆ ಪುಸ್ತಕ ಆರಿಸುವ ಸಮಿತಿಯವರು ಒಂದು ಹೊಸ ನಿಯಮ ತಂದರು. ಮಕ್ಕಳ ಪತ್ರಿಕೆಗಳ ಮುಖಪುಟದ ಮೇಲೆ ಇನ್ನು ಮುಂದೆ 'ವಿಜ್ಞಾನಸಮ್ಮತ' ಎಂಬ ಮುದ್ರೆ ಇರಬೇಕು, ಅದರ ಕೆಳಗೆ ವಿಜ್ಞಾನ ಓದಿದವರೊಬ್ಬರ ಸಹಿ ಇರಬೇಕು. ಮುದ್ರೆಯಿದ್ದರೆ ಎಲ್ಲ ಶಾಲೆಗಳಿಗೂ ಪತ್ರಿಕೆ ಹೋಗುತ್ತದೆ, ಇಲ್ಲದಿದ್ದರೆ ಒಂದಕ್ಕೂ ಇಲ್ಲ. ಮೈದುನ ಆ ಭಾನುವಾರವೇ ಅಣ್ಣನ ಮನೆಗೆ ಬಂದ. ಊಟ ಆಗುವ ತನಕ ಅತ್ತಿಗೆಯ ಕೈರುಚಿ ಹೊಗಳಿದ. ಅದರಲ್ಲೇ ಟೀಚರಿಗೆ ಏನೋ ಇದೆ ಎಂದು ಗೊತ್ತಾಗಿತ್ತು.

"ಒಂದು ಸಣ್ಣ ಸಹಿ ಅತ್ತಿಗೆ. ಮನೇಲೇ ಭೌತಶಾಸ್ತ್ರ ಇಟ್ಕೊಂಡು ಊರೆಲ್ಲಾ ಯಾಕೆ ಹುಡುಕ್ಲಿ?"

"ಓದದೆ ಸಹಿ ಹಾಕೋಕೆ ನಾನೇನು ಇಲಾಖೆಯವಳಾ? ಕೊಡಿಲ್ಲಿ, ಓದ್ತೀನಿ."

ಅದು ಟೀಚರು ಬದುಕಿನಲ್ಲಿ ಓದಿದ ಮೊದಲ ಚಿತ್ರಕಥೆ. ಕನ್ನಡಕ ಏರಿಸಿ, ಕೆಂಪು ಪೆನ್ನು ಹಿಡಿದು, ಉತ್ತರ ಪತ್ರಿಕೆ ತಿದ್ದುವವರ ಹಾಗೆ ಕುಳಿತರು. ಮೂರನೆಯ ಪುಟದಲ್ಲೇ ತಲೆಯೆತ್ತಿದರು.

"ಇವನು ಗೋಡೆ ದಾಟ್ತಾನೆ, ಸರಿ. ನೆಲ ಯಾಕೆ ದಾಟಲ್ಲ? ಗೋಡೆ ತಡೆಯದೇ ಇರೋ ಮೈಯನ್ನ ನೆಲ ಹೇಗೆ ತಡೆಯುತ್ತೆ? ಎಡಗಡೆ ಒತ್ತಿಕೊಂಡ ತಕ್ಷಣ ಸೀದಾ ಪಾತಾಳಕ್ಕೆ ಹೋಗ್ಬೇಕಲ್ಲ."

"ಪಾತಾಳಕ್ಕೆ ಯಾಕೆ ಅತ್ತಿಗೆ? ಅವನಿಗೆ ಕೆಲಸ ಇರೋದು ಪಕ್ಕದ ರೂಮಲ್ಲಿ."

ಟೀಚರು ಸಹಿ ಹಾಕಲಿಲ್ಲ. ಕಥೆ ಬರೆಯುವವರನ್ನು ತಾವೇ ನೋಡಬೇಕು ಎಂದರು.

ಪ್ರೆಸ್ಸಿನ ಮಹಡಿಯ ಮೇಲಿನ ಕೋಣೆಯಲ್ಲಿ ಶಾಯಿಯ ವಾಸನೆ, ಕೆಳಗಿನ ಯಂತ್ರದ ಗಡಗಡ. ಮೇಜಿನ ಒಂದು ಕಡೆ ಕಥೆಗಾರರು, ಇನ್ನೊಂದು ಕಡೆ ಚಿತ್ರಕಾರ. ಕಥೆಗಾರರು ಘನವೀರನನ್ನು ಹುಟ್ಟಿಸಿದವರು. ಅದೇ ಪ್ರೆಸ್ಸಿನ ಮಹಿಳಾ ಪತ್ರಿಕೆಯಲ್ಲಿ 'ಅಕ್ಕ' ಎಂಬ ಹೆಸರಲ್ಲಿ ಸಂಸಾರದ ಸಮಸ್ಯೆಗಳಿಗೆ ಸಲಹೆ ಕೊಡುತ್ತಿದ್ದವರೂ ಅವರೇ. ದಪ್ಪ ಮೀಸೆಯ ಈ ಅಕ್ಕನನ್ನು ನಂಬಿ ಎಷ್ಟೋ ಹೆಂಗಸರು ತವರಿನಿಂದ ಗಂಡನ ಮನೆಗೆ ಮರಳಿದ್ದರು. ಚಿತ್ರಕಾರ ಮಾತಿಗಿಂತ ಪೆನ್ಸಿಲ್ ಮೇಲು ಎಂದು ನಂಬಿದ್ದ ಮನುಷ್ಯ, ಕೇಳಿದರೂ ಉತ್ತರ ಕೊಡುತ್ತಿರಲಿಲ್ಲ.

ಟೀಚರು ಟಬ್ಬನ್ನೂ ಕಬ್ಬಿಣದ ಗಟ್ಟಿಯನ್ನೂ ಆಟೋದಲ್ಲಿ ಹೇರಿಕೊಂಡು ಬಂದಿದ್ದರು. ಗಟ್ಟಿಯನ್ನು ಮುಳುಗಿಸಿ, ಮೇಜಿನ ಮೇಲಿದ್ದ ಮುಂದಿನ ಸಂಚಿಕೆಯ ಚಿತ್ರಗಳನ್ನು ಒದ್ದೆ ಮಾಡಿ, ಪಾಠ ಶುರುಮಾಡಿದರು. ಮನುಷ್ಯನ ಮೈ ಸುಮಾರಾಗಿ ನೀರಿನಷ್ಟೇ ಸಾಂದ್ರ. ಅಷ್ಟೇ ಗಾತ್ರದ ಕಬ್ಬಿಣ ಅದರ ಸುಮಾರು ಎಂಟು ಪಟ್ಟು ತೂಗುತ್ತದೆ. ಈಗ ಘನವೀರನ ಮೈಯಲ್ಲಿರುವ ವಸ್ತು ಅಷ್ಟೇ ಇದ್ದು ಅವನು ಕಬ್ಬಿಣದಷ್ಟು ಸಾಂದ್ರನಾಗಬೇಕಾದರೆ ಅವನ ಗಾತ್ರ ಎಂಟನೇ ಒಂದು ಭಾಗಕ್ಕೆ ಇಳಿಯಬೇಕು. ಎಂದರೆ ಉದ್ದ, ಅಗಲ, ದಪ್ಪ ಮೂರೂ ಅರ್ಧ. ಖಳನ ಸೊಂಟದ ಹತ್ತಿರ ಬರುತ್ತಾನೆ. ಗಾಳಿಯಷ್ಟು ತೆಳುವಾಗಬೇಕಾದರೆ ಇದರ ತಿರುಗುಮುರುಗು: ಎಂಟುನೂರು ಪಟ್ಟು ಉಬ್ಬಬೇಕು, ಎತ್ತರ ಒಂಬತ್ತು ಪಟ್ಟು ಆಗಬೇಕು. ನಾಲ್ಕು ಮಹಡಿ ಕಟ್ಟಡದಷ್ಟು ದೊಡ್ಡ ಮನುಷ್ಯ ಬೀದಿಯಲ್ಲಿ ಗಾಳಿಗೆ ತೂಗಾಡುತ್ತಾನೆಯೇ ಹೊರತು ಗೋಡೆ ದಾಟುವ ಮಾತೆಲ್ಲಿ ಬಂತು? ಅಷ್ಟಕ್ಕೂ ಗಾಳಿಯೇ ಗೋಡೆ ದಾಟುವುದಿಲ್ಲ. ದಾಟುತ್ತಿದ್ದರೆ ನಾವು ಕಿಟಕಿ ಯಾಕೆ ಇಡಿಸುತ್ತಿದ್ದೆವು?

"ಹೊಗೆ ಸಂದಿಯೊಳಗೆ ನುಗ್ಗುತ್ತಲ್ಲ ಟೀಚರ್," ಎಂದರು ಕಥೆಗಾರರು.

"ಸಂದಿ ಇದ್ರೆ ಇರುವೆನೂ ನುಗ್ಗುತ್ತೆ. ಅದಕ್ಕೆ ಹೀರೋ ಯಾಕೆ ಬೇಕು?"

ಕಥೆಗಾರರು ಮೈ ಅಷ್ಟೇ ಇರಲಿ, ತೂಕ ಮಾತ್ರ ಹೆಚ್ಚಲಿ ಎಂದು ರಾಜಿಗೆ ಬಂದರು. ಹಾಗಾದರೆ ಹೆಚ್ಚಿನ ತೂಕ ಎಲ್ಲಿಂದ ಬಂತು ಎಂದರು ಟೀಚರು. ಇಲ್ಲದ ವಸ್ತು ಇದ್ದಕ್ಕಿದ್ದ ಹಾಗೆ ಹುಟ್ಟುವುದಿಲ್ಲ, ಇದ್ದದ್ದು ಮಾಯವಾಗುವುದಿಲ್ಲ. ಮಕ್ಕಳು ಇದನ್ನೆಲ್ಲ ಕೇಳುವುದಿಲ್ಲ ಎಂದು ಕಥೆಗಾರರು ಗೊಣಗಿದರು. ಕೇಳುವ ಹಾಗೆ ಮಾಡುವುದಕ್ಕೇ ನನಗೆ ಸಂಬಳ ಕೊಡುವುದು ಎಂದು ಟೀಚರು ಬಾಯಿ ಮುಚ್ಚಿಸಿದರು. ಮೈದುನನ ಕಣ್ಣೆದುರು ಸಾಲು ಸಾಲು ಶಾಲೆಗಳ ಗ್ರಂಥಾಲಯಗಳು ಕುಣಿಯುತ್ತಿದ್ದವು. ಅತ್ತಿಗೆ ಹೇಳಿದ ಹಾಗೆ ಆಗಲಿ ಎಂದು ತೀರ್ಪು ಕೊಟ್ಟುಬಿಟ್ಟ.

ವಿಜ್ಞಾನಸಮ್ಮತ ಘನವೀರನ ಮೊದಲ ಸಂಚಿಕೆಯಲ್ಲಿ ನಾಯಕ ಬಲಗಡೆ ಒತ್ತಿಕೊಂಡು ಅರ್ಧ ಆಳಾದ. ಖಳನ ಕಡೆಯವರು ಅವನು ಎಲ್ಲಿ ಹೋದ ಎಂದು ಅತ್ತಿತ್ತ ನೋಡಿ, ಆಮೇಲೆ ಬಗ್ಗಿ ನೋಡಿದರು. ಒಬ್ಬನಂತೂ ತಪ್ಪಿಸಿಕೊಂಡ ಮಗು ಎಂದುಕೊಂಡು ಅಮ್ಮ ಎಲ್ಲಿ ಎಂದು ವಿಚಾರಿಸಿದ. ಟೀಚರು ಇದರ ಕರಡನ್ನು ಮನೆಗೆ ತಂದು ಹೆಮ್ಮೆಯಿಂದ ಯಜಮಾನರ ಮುಂದೆ ಹರವಿದರು. ಟೈಲರು ಬಹಳ ಹೊತ್ತು ನೋಡಿ ಬಾಯಿಂದ ಪಿನ್ನು ತೆಗೆದರು.

"ಆಳು ಅರ್ಧಕ್ಕರ್ಧ ಕುಗ್ಗಿದ್ಮೇಲೂ ಪ್ಯಾಂಟು ಸೊಂಟದ ಮೇಲೇ ನಿಂತಿದೆಯಲ್ಲ. ಯಾರು ಹೊಲಿದಿದ್ದು?"

ಟೀಚರಿಗೆ ಕಪಾಳಕ್ಕೆ ಬಿದ್ದಂತಾಯಿತು. ಮೈ ಕುಗ್ಗುತ್ತದೆ ಸರಿ, ಬಟ್ಟೆ ಯಾಕೆ ಕುಗ್ಗಬೇಕು? ಆಗಲೇ ಮೈದುನನಿಗೆ ಫೋನ್ ಹೋಯಿತು. ಚಿತ್ರಕಾರ ತುಟಿ ಪಿಟಕ್ಕೆನ್ನದೆ ಎಲ್ಲ ಪುಟಗಳನ್ನೂ ತಿದ್ದಿದ. ಹೀಗಾಗಿ ಘನವೀರ ಕೊನೆಯ ಹೋರಾಟವನ್ನು ಪೂರ್ತಿ ಒಂದೇ ಕೈಯಲ್ಲಿ ಹೋರಾಡಿದ. ಇನ್ನೊಂದು ಕೈ ಪ್ಯಾಂಟಿಗೆ ಮೀಸಲಾಗಿತ್ತು.

ಎರಡನೆಯ ಸಂಚಿಕೆಯಲ್ಲಿ ಕಥೆಗಾರರು ಹಟ ಹಿಡಿದು ಅವನ ಆಕಾರವನ್ನು ಹಾಗೆಯೇ ಉಳಿಸಿಕೊಂಡರು. ತೂಕದ ಮೂಲವನ್ನು ಸದ್ಯಕ್ಕೆ ಕೇಳುವುದಿಲ್ಲ, ಆದರೆ ತೂಕ ಬಂದಮೇಲೆ ಆಗುವುದೆಲ್ಲ ಆಗಲೇಬೇಕು ಎಂದರು ಟೀಚರು. ಆಯಿತು. ಘನವೀರ ಓಡುತ್ತಾ ಓಡುತ್ತಾ ಎಂಟು ಪಟ್ಟು ಭಾರವಾದ ಕೂಡಲೇ ಅವನ ವೇಗ ಎಂಟನೇ ಒಂದು ಭಾಗಕ್ಕೆ ಇಳಿಯಿತು. ಕಳ್ಳ ನಡೆದುಕೊಂಡೇ ತಪ್ಪಿಸಿಕೊಂಡ. ಅದೇ ಸ್ನಾಯು ಅಷ್ಟೊಂದು ಭಾರದ ಕೈಯನ್ನು ಎತ್ತಬೇಕಾದ್ದರಿಂದ ಅವನ ಗುದ್ದು ಹೊರಡುವುದನ್ನು ನೋಡಿ ಎದುರಾಳಿ ಪಕ್ಕಕ್ಕೆ ಸರಿದು, ಬೀಡಿ ಹಚ್ಚಿಕೊಳ್ಳುವಷ್ಟು ಸಮಯವಿತ್ತು. ಖಳನ ಅಡ್ಡೆ ಮೂರನೆಯ ಮಹಡಿಯಲ್ಲಿತ್ತು. ಮೆಟ್ಟಿಲು ತಡೆಯುತ್ತದೆಯೇ, ತೊಲೆ ಎಷ್ಟು ದಪ್ಪ ಎಂದು ಘನವೀರ ಕಟ್ಟಡ ಕಟ್ಟಿದ ಮೇಸ್ತ್ರಿಯನ್ನು ಹುಡುಕಿಕೊಂಡು ಹೋದ. ಕಾದು ಕಾದು ಬೇಸತ್ತ ಖಳ ತಾನೇ ಕೆಳಗಿಳಿದು ಬಂದ. ಎಡಗಡೆ ಒತ್ತಿಕೊಂಡಾಗ ಯಾರೋ ಫ್ಯಾನ್ ಹಾಕಿದ್ದರಿಂದ ನಾಯಕ ಕೋಣೆಯ ಮೂಲೆಗೆ ಹೋಗಿ ಅಂಟಿಕೊಂಡ. ಹಾರ ಹಾಕಲು ಬಂದ ಅಧ್ಯಕ್ಷರು ಅವನನ್ನು ಹುಡುಕಬೇಕಾಯಿತು.

ಕೊನೆಯ ಪುಟದಲ್ಲಿ 'ಯೋಚಿಸಿ ಉತ್ತರಿಸಿ' ಎಂದು ಟೀಚರು ಐದು ಪ್ರಶ್ನೆ ಕೊಟ್ಟಿದ್ದರು. ಯಾವ ಮಗುವೂ ಯೋಚಿಸಲಿಲ್ಲ, ಉತ್ತರಿಸಲೂ ಇಲ್ಲ. ಒಂದು ಮಗು ಮಾತ್ರ ಕಾರ್ಡು ಬರೆದು, ಹಳೇ ಘನವೀರ ಸತ್ತುಹೋದನೇ ಎಂದು ಕೇಳಿತ್ತು. ಮಾರಾಟವಾಗದ ಪ್ರತಿಗಳು ಕಟ್ಟು ಕಟ್ಟಾಗಿ ವಾಪಸು ಬಂದು ಪ್ರೆಸ್ಸಿನ ಮೆಟ್ಟಿಲ ಮೇಲೆ ಕುಳಿತವು. ಹತ್ತಿ ಹೋಗುವವರು ಘನವೀರನನ್ನು ತುಳಿದುಕೊಂಡೇ ಹೋಗಬೇಕಿತ್ತು.

ಟೀಚರು ಹೊರಗೆ ಜಗ್ಗಲಿಲ್ಲ. ಆದರೆ ಆ ಕಾರ್ಡು ಅವರನ್ನು ಕೊರೆಯತೊಡಗಿತು. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗಿಯರಿಬ್ಬರು ಬೆಂಚಿನ ಕೆಳಗೆ ಏನೋ ಓದುತ್ತಿದ್ದುದನ್ನು ಹಿಡಿದರೆ ಅದು ಘನವೀರನ ಹಳೆಯ ಸಂಚಿಕೆ, ರೈಲಿನ ಮೂತಿ ಜಜ್ಜಿದ್ದು. ಟೀಚರು ಕಿತ್ತುಕೊಂಡು ಮೇಜಿನ ಮೇಲಿಟ್ಟರು. ತಾವು ಕರಿಹಲಗೆಯ ಮೇಲೆ ಬರೆಯುತ್ತಿದ್ದಾಗ ಆ ಹುಡುಗಿಯರ ಕಣ್ಣು ಮೇಜಿನ ಕಡೆಗೇ ಇದ್ದದ್ದು ಅವರಿಗೆ ಬೆನ್ನಲ್ಲೇ ಗೊತ್ತಾಯಿತು. ಗಂಟೆ ಬಾರಿಸಿದ ಮೇಲೆ ಬೈಯದೆ ವಾಪಸು ಕೊಟ್ಟರು. ಹುಡುಗಿಯರು ಅದಕ್ಕೇ ಹೆದರಿದರು.

ಅಂದು ಸಂಜೆ ಪ್ರೆಸ್ಸಿಗೆ ಹೋದದ್ದು, ಈ ಉಸಾಬರಿ ನನಗೆ ಬೇಡ ಎಂದು ಹೇಳಿ ಬರುವುದಕ್ಕೆ. ಆದರೆ ಅವರು ಬಾಯಿ ತೆರೆಯುವ ಮೊದಲೇ ಕಥೆಗಾರರ ತಾಳ್ಮೆಯ ಕಟ್ಟೆ ಒಡೆದಿತ್ತು. ಹೆಂಗಸರಿಗೆ ತಿಂಗಳು ತಿಂಗಳು ಸಹನೆ ಬೋಧಿಸುವ ಆ ಅಕ್ಕ ಮೇಜು ಗುದ್ದಿ ಎದ್ದು ನಿಂತರು.

"ತೂಕ ಎಲ್ಲಿಂದ ಬಂತು, ತೂಕ ಎಲ್ಲಿಂದ ಬಂತು. ಇದೊಂದೇ ರಾಗ ನಿಮ್ಮದು. ಎಲ್ಲಿಂದ ತರ್ಲಿ ನಾನು? ಯಾರದ್ದಾದ್ರೂ ಕಿತ್ಕೊಂಡು ಬರ್ಲಾ?"

ಟೀಚರು ಅವರನ್ನೇ ನೋಡುತ್ತಾ ನಿಂತರು. ಕೋಪ ಬಂದಿದೆ ಎಂದುಕೊಂಡು ಮೈದುನ ಕುರ್ಚಿ ಎಳೆದುಕೊಟ್ಟ.

"ಕಿತ್ಕೊಂಡು ಬನ್ನಿ," ಎಂದರು ಟೀಚರು ನಿಧಾನವಾಗಿ. "ಇವನು ಭಾರ ಆದಾಗ ಇನ್ಯಾರೋ ಹಗುರ ಆಗ್ಲಿ. ಲೆಕ್ಕ ಸರಿಹೋಗುತ್ತೆ."

"ಒಬ್ಬರ ತೂಕ ಇನ್ನೊಬ್ಬರಿಗೆ ಹೋಗೋದು ವಿಜ್ಞಾನನಾ?"

"ಅಲ್ಲ. ಶುದ್ಧ ಸುಳ್ಳು. ಒಂದು ಸುಳ್ಳು ಹೇಳಿ ಸರ್, ಮಾಫಿ. ಆಮೇಲೆ ಆ ಸುಳ್ಳಿಗೆ ನಿಯತ್ತಾಗಿರಿ. ನಿಮ್ಮದು ಪುಟಕ್ಕೊಂದು ಸುಳ್ಳು, ಒಂದಕ್ಕೊಂದು ಪರಿಚಯವೇ ಇಲ್ಲ. ನನ್ನ ತಕರಾರು ಅದು."

ತಾವು ಇಷ್ಟು ದಿನ ಹೇಳಬೇಕೆಂದಿದ್ದದ್ದು ಇದೇ ಎಂದು ಟೀಚರಿಗೂ ಗೊತ್ತಾದದ್ದು ಆಗಲೇ. ಕಥೆಗಾರರು ಕುಳಿತರು. ಚಹಾ ತರಿಸಲಾಯಿತು. ಖಳನ ತೂಕವನ್ನೇ ಕಿತ್ತುಕೊಳ್ಳೋಣ ಎಂದರು ಕಥೆಗಾರರು; ಹಾಗೆ ಮಾಡಿದರೆ ಅವನು ಬಲೂನಿನ ಹಾಗೆ ಹಾರಿಹೋಗಿ ಮೊದಲ ಪುಟದಲ್ಲೇ ಕಥೆ ಮುಗಿಯುತ್ತದೆ ಎಂದರು ಟೀಚರು. ದಾರಿಯಲ್ಲಿ ಹೋಗುವವರದ್ದು ತೆಗೆದರೆ ಅನ್ಯಾಯ. ಕೆಲಸ ಮಾಡುವವರದ್ದು ತೆಗೆದರೆ ಕೆಲಸ ಕೆಡುತ್ತದೆ. ಆಗ, ಆ ಮೇಜಿನ ಬಳಿ ಯಾರಿಗೂ ದನಿ ಕೇಳಿದ ನೆನಪೇ ಇಲ್ಲದಂಥ ಚಿತ್ರಕಾರ, ಪೆನ್ಸಿಲಿನಿಂದ ಕೊನೆಯ ಪುಟ ತೋರಿಸಿದ.

"ಇವರಿದ್ದಾರಲ್ಲ. ಸುಮ್ನೆ ಕೂತಿರ್ತಾರೆ."

ಅವನು ತೋರಿಸಿದ್ದು ಹಾರ ಹಾಕುವ ಅಧ್ಯಕ್ಷರನ್ನು.

ಟೀಚರು ಲೆಕ್ಕ ಹಾಕಿದರು. ನಾಯಕ ಎಂಟು ಪಟ್ಟು ಭಾರವಾಗಬೇಕಾದರೆ ಇನ್ನು ಏಳು ಜನರ ತೂಕ ಬೇಕು. ಒಬ್ಬ ಅಧ್ಯಕ್ಷರು ಸಾಲುವುದಿಲ್ಲ. ಹಾಗಾದರೆ ಆರು ಜನ ಸದಸ್ಯರೂ ಇರಲಿ ಎಂದರು ಕಥೆಗಾರರು. ಪೂರ್ತಿ ತೂಕ ತೆಗೆಯಬಾರದು, ಗಾಳಿಗಿಂತ ಸ್ವಲ್ಪ ಹಗುರವಾಗುವಷ್ಟು ತೆಗೆದರೆ ಸಾಕು. ಉಳಿದ ಅಲ್ಪಸ್ವಲ್ಪ ಕೊರತೆಯನ್ನು ಅಧ್ಯಕ್ಷರ ಹೊಟ್ಟೆ ತುಂಬಿಕೊಡುತ್ತದೆ.

ಆ ಸಂಚಿಕೆಯಲ್ಲಿ ಸೇತುವೆಯೊಂದು ಕುಸಿಯುತ್ತದೆ. ಬಸ್ಸಿನ ಹಿಂಭಾಗ ಅಂಚಿನಿಂದಾಚೆ ತೂಗಾಡುತ್ತಿದೆ. ಘನವೀರ ಮುಂಭಾಗಕ್ಕೆ ಜೋತುಬಿದ್ದು ಬಲಗಡೆ ಒತ್ತಿಕೊಳ್ಳುತ್ತಾನೆ. ಅದೇ ಹೊತ್ತಿಗೆ ನಗರದ ಇನ್ನೊಂದು ಕಡೆ, ಸಭಾಂಗಣದಲ್ಲಿ, ಅಧ್ಯಕ್ಷರು ತಮ್ಮ ಮಾತಿಗೆ ಎಷ್ಟು ತೂಕವಿದೆ ಎಂದು ವಿವರಿಸುತ್ತಾ ಕುರ್ಚಿಯಿಂದ ಮೆಲ್ಲಗೆ ಮೇಲೇಳುತ್ತಾರೆ. ಹಿಂದೆಯೇ ಆರು ಜನ ಸದಸ್ಯರು. ಅಧ್ಯಕ್ಷರು ಎದ್ದರೆ ತಾವೂ ಏಳಬೇಕು ಎಂಬುದು ಅವರಿಗೆ ಅಭ್ಯಾಸವಾದ್ದರಿಂದ ಯಾರಿಗೂ ಆಶ್ಚರ್ಯವಾಗುವುದಿಲ್ಲ. ತಲೆ ಛಾವಣಿಗೆ ತಾಗಿದರೂ ಸಭೆ ನಿಲ್ಲುವುದಿಲ್ಲ. ಛಾವಣಿಯನ್ನು ಎತ್ತರಿಸಬೇಕೆಂದು ಸರ್ವಾನುಮತದ ನಿರ್ಣಯವಾಗುತ್ತದೆ. ಜವಾನ ಒಬ್ಬೊಬ್ಬರ ಕಾಲಿಗೂ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಮೇಜಿನ ಕಾಲಿಗೆ ಬಿಗಿದು, ನಿರ್ಣಯಕ್ಕೆ ಸಹಿ ಹಾಕಿಸಿಕೊಳ್ಳಲು ಕೋಲಿಗೆ ಕಾಗದ ಸಿಕ್ಕಿಸಿ ಮೇಲೆ ಚಾಚುತ್ತಾನೆ. ಬಸ್ಸು ಉಳಿಯುತ್ತದೆ. ಘನವೀರ ತೂಕ ವಾಪಸು ಕೊಡುತ್ತಾನೆ. ಏಳು ಜನವೂ ಒಟ್ಟಿಗೆ ದಬದಬನೆ ಬೀಳುತ್ತಾರೆ.

ಪ್ರತಿಗಳು ಬಿಸಿ ಬಿಸಿಯಾಗಿ ಖರ್ಚಾದವು. ಮೆಟ್ಟಿಲ ಮೇಲಿನ ಹಳೆಯ ಕಟ್ಟುಗಳನ್ನೂ ಅಂಗಡಿಯವರು ಕೇಳಿ ಒಯ್ದರು. ಅದಕ್ಕಿಂತ ದೊಡ್ಡ ಸಂಗತಿ ನಡೆದದ್ದು ತರಗತಿಯಲ್ಲಿ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಾನಾಗಿ ಎದ್ದು ನಿಂತು, ಟೀಚರ್, ಅವರು ಗಾಳಿಗಿಂತ ಹಗುರ ಆಗಿದ್ದಕ್ಕೆ ಮೇಲೆ ಹೋದ್ರು, ಸರಿ. ಅದೇ ನೀರಿನಲ್ಲಿ ಮುಳುಗಿ ಕೂತಿದ್ದರೆ ಅಷ್ಟೊಂದು ತೂಕ ತೆಗೆಯಬೇಕಿತ್ತಾ ಎಂದು ಕೇಳಿದಳು. ಬೇಡ ಎಂದಳು ಇನ್ನೊಬ್ಬಳು. ಎಷ್ಟು ಬೇಡ ಎಂದು ಜಗಳ ಶುರುವಾಯಿತು. ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ. ಟೀಚರು ಮೇಜಿಗೆ ಒರಗಿ ನಿಂತು, ಎಷ್ಟೋ ವರ್ಷದಿಂದ ತಾವು ಹೊತ್ತು ತರುತ್ತಿದ್ದ ಟಬ್ಬನ್ನು ನೋಡಿದರು. ಅಂದು ಅದನ್ನು ತಂದಿರಲೇ ಇಲ್ಲ ಎಂಬುದು ಆಗ ಹೊಳೆಯಿತು. ಅವರು ನೋಡುತ್ತಿದ್ದದ್ದು ಟಬ್ಬು ಇಡುತ್ತಿದ್ದ ಜಾಗವನ್ನು. ಮನೆಗೆ ಹೋಗಿ ಯಜಮಾನರಿಗೆ, ಇವತ್ತು ಮನಸ್ಸು ಹಗುರವಾಗಿದೆ ಎಂದರು. ಟೈಲರು ಎಷ್ಟು ಎಂದು ಕೇಳಬೇಕೆಂದುಕೊಂಡರು, ಬಾಯಲ್ಲಿ ಪಿನ್ನಿತ್ತು.

ಇತ್ತ, ಮುದ್ರೆಯ ಮಂಜೂರಾತಿಗೆಂದು ಕಳಿಸಿದ್ದ ಆ ಸಂಚಿಕೆಯ ಬಗ್ಗೆ ಗ್ರಂಥಾಲಯ ಸಮಿತಿಯಿಂದ ವಿಚಾರಣೆಗೆ ಕರೆ ಬಂತು. ಆ ಸಮಿತಿಯಲ್ಲೂ ಒಬ್ಬ ಅಧ್ಯಕ್ಷರು, ಆರು ಜನ ಸದಸ್ಯರು. ಟೀಚರ ಲೆಕ್ಕಕ್ಕೆ ಏಳು ಜನ ಬೇಕಿತ್ತು, ಅವರೂ ಏಳೇ ಜನ ಇದ್ದದ್ದು ಯಾರ ತಪ್ಪೂ ಅಲ್ಲ. ಆದರೆ ಅಧ್ಯಕ್ಷರ ಕನ್ನಡಕಕ್ಕೆ ಒಂದು ಸರಪಳಿ ಇತ್ತು, ಚಿತ್ರದಲ್ಲಿದ್ದವರ ಕನ್ನಡಕಕ್ಕೂ ಸರಪಳಿ ಇತ್ತು. ಚಿತ್ರಕಾರನನ್ನು ಕೇಳಿದರೆ ಅವನು ಪೆನ್ಸಿಲ್ ಚೂಪು ಮಾಡುತ್ತಾ ಕುಳಿತ.

ಉದ್ದನೆಯ ಮೇಜಿನ ಆ ಕಡೆ ಏಳು ಜನ, ಈ ಕಡೆ ಟೀಚರು ಮತ್ತು ಮೈದುನ. ಅಧ್ಯಕ್ಷರು ಪತ್ರಿಕೆಯನ್ನು ಎರಡು ಬೆರಳಲ್ಲಿ ಎತ್ತಿಹಿಡಿದರು.

"ಮನುಷ್ಯ ಕಬ್ಬಿಣದಷ್ಟು ಭಾರ ಆಗ್ತಾನೆ ಅಂತ ತೋರಿಸಿದ್ದೀರಿ. ಅದಕ್ಕೆ ಸಮಿತಿಯ ಆಕ್ಷೇಪಣೆ ಇಲ್ಲ."

"ಇರಬೇಕಿತ್ತು ಸರ್," ಎಂದರು ಟೀಚರು.

"ಗೋಡೆಯೊಳಗಿಂದ ನಡೀತಿದ್ದ. ಅದಕ್ಕೂ ಇಲ್ಲ. ಆದ್ರೆ ಜವಾಬ್ದಾರಿ ಸ್ಥಾನದಲ್ಲಿರೋರು ಕುರ್ಚಿ ಬಿಟ್ಟು ಮೇಲೆ ತೇಲೋದು ವಿಜ್ಞಾನಕ್ಕೆ ವಿರುದ್ಧ."

"ಅವನು ಭಾರ ಆಗ್ಬೇಕಾದ್ರೆ ಬೇರೆ ಯಾರೋ ಹಗುರ ಆಗಲೇಬೇಕು ಸರ್. ವಸ್ತು ತಾನಾಗಿ ಹುಟ್ಟಲ್ಲ."

"ಹುಟ್ಲಿ ಬಿಡಿ. ಮಕ್ಕಳ ಪತ್ರಿಕೆ ತಾನೆ? ಅಧ್ಯಕ್ಷರ ಘನತೆ ಏನಾಗ್ಬೇಕು?"

"ಕಮ್ಮಿ ಆಗೋದು ಘನತೆ ಅಲ್ಲ ಸರ್, ಸಾಂದ್ರತೆ."

ಸದಸ್ಯರಲ್ಲೊಬ್ಬರಿಗೆ ನಗು ಬಂದು, ಅದನ್ನು ಅರ್ಧ ದಾರಿಯಲ್ಲೇ ಕೆಮ್ಮಾಗಿ ತಿರುಗಿಸಿಕೊಂಡರು. ಟೀಚರು ತಮಾಷೆ ಮಾಡಿರಲಿಲ್ಲ. ತಪ್ಪು ಪದ ಕಿವಿಗೆ ಬಿತ್ತು, ತಿದ್ದಿದರು, ಅಷ್ಟೇ. ಅಧ್ಯಕ್ಷರು ಕನ್ನಡಕ ತೆಗೆದರು, ಸರಪಳಿಯಲ್ಲಿ ಅದು ಎದೆಯ ಮೇಲೆ ಜೋತಾಡಿತು. ಸಮಿತಿ ಉದಾರವಾಗಿದೆ, ಘನವೀರನಿಗೆ ತೂಕ ಎಲ್ಲಿಂದಲಾದರೂ ಬರಲಿ ಅಥವಾ ಎಲ್ಲಿಂದಲೂ ಬರದಿರಲಿ, ಒಟ್ಟಿನಲ್ಲಿ ಸಮಿತಿಗಳಿಂದ ಬರಕೂಡದು. ಆ ಪ್ರಕಾರ ತಿದ್ದಿ ಟೀಚರು ಸಹಿ ಹಾಕಿದರೆ ಮುದ್ರೆ ಮಂಜೂರಾಗುತ್ತದೆ ಎಂದರು.

ಹೊರಗೆ ಮೊಗಸಾಲೆಯಲ್ಲಿ ಮೈದುನ ಬೇಡಿಕೊಂಡ. ಎಲ್ಲ ಶಾಲೆಗಳು, ಅತ್ತಿಗೆ, ಎಲ್ಲ ಶಾಲೆಗಳು ಎಂದ. ಟೀಚರು ಕಿಟಕಿಯಾಚೆ ನೋಡುತ್ತಾ ನಿಂತರು. ಈ ಹುಡುಗ ಎಂಥವನು ಎಂದು ಅವರಿಗೆ ಗೊತ್ತಿತ್ತು. ತಾವು ಮದುವೆಯಾಗಿ ಬಂದಾಗ ಅರ್ಧ ಚಡ್ಡಿಯಲ್ಲಿ ಓಡಾಡಿಕೊಂಡಿದ್ದವನು, ಲೆಕ್ಕದ ಪಾಠ ಹೇಳಿಕೊಟ್ಟರೆ ನಿದ್ದೆ ಹೋಗುತ್ತಿದ್ದವನು. ಪ್ರೆಸ್ಸಿನಲ್ಲಿ ಅಷ್ಟು ಜನ ದುಡಿಯುವುದೂ ಗೊತ್ತಿತ್ತು.

"ನನ್ನ ಸಹಿ ಬೇಕು ಅಂತ ಯಾಕೆ ಒದ್ದಾಡ್ತೀಯಪ್ಪ," ಎಂದರು ಕೊನೆಗೆ. "ಬೇರೆ ಯಾರ ಹತ್ರನಾದ್ರೂ ಹಾಕಿಸ್ಕೋ. ಪತ್ರಿಕೆ ನಡೀಲಿ. ನಂಗೇನೂ ಬೇಜಾರಿಲ್ಲ."

ಬೇಜಾರಿತ್ತು. ಮೈದುನನಿಗೂ ಅದು ಕಾಣಿಸಿತು. ಕಾಣದವನಂತೆ ತಲೆಯಾಡಿಸಿದ.

ಬೇರೆ ಯಾರೋ ಬೇಗನೆ ಸಿಕ್ಕರು: ಅಧ್ಯಕ್ಷರ ಷಡ್ಡಕರೇ, ಹಲ್ಲಿನ ಡಾಕ್ಟರು. ಅವರು ಕಥೆ ಓದಲಿಲ್ಲ. ನಾಯಕ ಪ್ರತಿ ಸಂಚಿಕೆಯಲ್ಲೂ ಒಮ್ಮೆಯಾದರೂ ಬಾಯ್ತುಂಬ ನಗಬೇಕು, ಅಷ್ಟೂ ಹಲ್ಲು ಬಿಳಿಯಾಗಿರಬೇಕು ಎಂಬುದೊಂದೇ ಅವರ ವೈಜ್ಞಾನಿಕ ಷರತ್ತು. ಘನವೀರ ಮತ್ತೆ ಎಲ್ಲಿಂದಲೋ ಭಾರವಾಗಿ ರೈಲು ನಿಲ್ಲಿಸಿದ. ಮತ್ತೆ ಗೋಡೆ ದಾಟಿದ, ನೆಲದ ಮೇಲೇ ನಿಂತ. ಸೇತುವೆ ಬೀಳುತ್ತಿದ್ದಾಗಲೂ ನಕ್ಕ.

ವಿಜ್ಞಾನಸಮ್ಮತ ಮುದ್ರೆ ಹೊತ್ತ ಪತ್ರಿಕೆ ಟೀಚರ ಶಾಲೆಯ ಗ್ರಂಥಾಲಯಕ್ಕೂ ಬಂತು. ಟೀಚರು ಅದರ ಬಗ್ಗೆ ಚಕಾರ ಎತ್ತಲಿಲ್ಲ. ಎತ್ತುವ ಅಗತ್ಯವೂ ಬೀಳಲಿಲ್ಲ. ಪತ್ರಿಕೆ ಬಂದ ದಿನ ಹುಡುಗಿಯರು ಅದನ್ನು ಪೇನು ಹೆಕ್ಕುವ ಹಾಗೆ ಹೆಕ್ಕತೊಡಗಿದರು. ಇಲ್ಲಿ ತೂಕ ಎಲ್ಲಿಂದ ಬಂತು, ಇಲ್ಲಿ ನೆಲ ಯಾಕೆ ಕುಸಿಯಲಿಲ್ಲ, ಇಷ್ಟು ಭಾರ ಇದ್ದವನು ಇಷ್ಟು ಬೇಗ ಹೇಗೆ ಓಡಿದ ಎಂದು ಸಾಲುಗಟ್ಟಿ ಟೀಚರ ಮೇಜಿನ ಹತ್ತಿರ ಬರುತ್ತಿದ್ದರು. ಯಾರು ಹೆಚ್ಚು ತಪ್ಪು ಹಿಡಿಯುತ್ತಾರೆ ಎಂದು ಪಂತ ಕಟ್ಟುತ್ತಿದ್ದರು. ಮಕ್ಕಳಲ್ಲಿ ವಿಜ್ಞಾನದ ಆಸಕ್ತಿ ಹೆಚ್ಚಿದೆ ಎಂದು ಮುಖ್ಯೋಪಾಧ್ಯಾಯಿನಿ ವರದಿ ಕಳಿಸಿದರು. ಸಮಿತಿ ಅದನ್ನು ತನ್ನ ಮುದ್ರೆಯ ಸಾಧನೆ ಎಂದು ಪ್ರಕಟಿಸಿಕೊಂಡಿತು. ಹಲ್ಲಿನ ಡಾಕ್ಟರಿಗೆ ಶಾಲು ಹೊದಿಸಿದರು.

ಮೈದುನ ಕೆಲವು ತಿಂಗಳು ಮುಖ ತಪ್ಪಿಸಿಕೊಂಡು ಓಡಾಡಿ, ಆಮೇಲೆ ಒಂದು ಭಾನುವಾರ ಏನೂ ಆಗದವನಂತೆ ಊಟಕ್ಕೆ ಬಂದು ಕುಳಿತ. ಟೀಚರೂ ಏನೂ ಆಗದವರಂತೆ ಬಡಿಸಿದರು.

ನಿವೃತ್ತರಾದ ಮೇಲೆ ಟೀಚರಿಗೆ ಹಗಲು ಉದ್ದವಾಗತೊಡಗಿತು. ಯಜಮಾನರ ಅಂಗಡಿಯಲ್ಲಿ ಕುಳಿತು ಗುಂಡಿ ಹೊಲಿಯಲು ಹೋಗಿ, ಗುಂಡಿಗಳ ಅಳತೆಯಲ್ಲಿ ತಪ್ಪು ಹುಡುಕಿ, ಗಿರಾಕಿಗಳನ್ನು ಓಡಿಸಿ, ಒಳಗೆ ಕಳಿಸಲ್ಪಟ್ಟಿದ್ದರು. ಅಂಥ ಒಂದು ಮಧ್ಯಾಹ್ನ ಕಥೆಗಾರರು ಬಂದರು. ಆ ಜಗಳದ ಕೋಣೆಯ ಹೊರಗೆ ಅವರಿಬ್ಬರೂ ಎಂದೂ ಭೇಟಿಯಾದವರಲ್ಲ. ಮೀಸೆ ಬೆಳ್ಳಗಾಗಿತ್ತು. ಪಕ್ಕದ ಬೀದಿಗೆ ಬಂದಿದ್ದೆ ಎಂದು ಸುಳ್ಳು ಹೇಳಿ, ಕೊಟ್ಟ ಚಹಾ ಕುಡಿದು, ಹವೆಯ ಬಗ್ಗೆ ಮಾತಾಡಿ, ಎದ್ದು, ಮತ್ತೆ ಕುಳಿತರು.

"ಹೊಸ ಕಥೆ ಒಂದು ತಲೇಲಿದೆ ಟೀಚರ್. ಒಬ್ಬ ಹೆಂಗಸು. ಅವಳು ಬೇಕು ಅಂದಾಗ ಯಾರ ಕಣ್ಣಿಗೂ ಕಾಣಲ್ಲ." ಅವರು ಲೋಟದ ತಳ ನೋಡಿದರು. "ಏನಾದ್ರೂ ತೊಂದರೆ ಇದೆಯಾ ಇದರಲ್ಲಿ?"

ಇದೆ ಎಂದರು ಟೀಚರು. ಬೆಳಕು ಕಣ್ಣಿನ ಹಿಂದಿನ ಪರದೆಯ ಮೇಲೆ ನಿಂತರಷ್ಟೇ ನಮಗೆ ನೋಟ. ಅವಳ ಇಡೀ ಮೈಯೊಳಗಿಂದ ಬೆಳಕು ತೂರಿ ಹೋಗುವುದಾದರೆ ಕಣ್ಣೊಳಗಿಂದಲೂ ತೂರಿ ಹೋಗುತ್ತದೆ, ಅಲ್ಲಿ ನಿಲ್ಲುವುದೇ ಇಲ್ಲ.

ಕಥೆಗಾರರು ಲೋಟ ಕೆಳಗಿಟ್ಟರು. 

"ಹಾಗಾದ್ರೆ ಅವಳು ಬೇರೆಯವರ ಕಣ್ಣಿಂದ ಮರೆಯಾದಾಗೆಲ್ಲ, ಅವಳಿಗೂ ಏನೂ ಕಾಣ್ಸಲ್ಲ."

"ಹೂಂ. ಕಗ್ಗತ್ತಲೆ."

"ನಾನು ಅಂದ್ಕೊಂಡಿದ್ದಕ್ಕಿಂತ ಇದೇ ಚೆನ್ನಾಗಿದೆ," ಎಂದರು ಕಥೆಗಾರರು. ಅವರ ದನಿಯಲ್ಲಿ ಸ್ವಲ್ಪ ಅಸೂಯೆಯೂ ಇತ್ತು.

ಟೀಚರು ಇನ್ನೊಂದು ಸುತ್ತು ಚಹಾಕ್ಕೆ ನೀರಿಟ್ಟು ಬಂದು, ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಆ ಹೆಂಗಸು ಮೊದಲ ಸಲ ಮರೆಯಾಗುವುದು ಎಂಥ ಜಾಗದಲ್ಲಿ, ಹತ್ತಿರದಲ್ಲೆಲ್ಲಾದರೂ ಮೆಟ್ಟಿಲುಗಳಿವೆಯೇ ಎಂದು ವಿಚಾರಿಸತೊಡಗಿದರು.